ಚೀಲದ ಮೇಲಿನ ಮಾರ್ಕಾ: ಲಿವರ್ ಗಟ್ಟಿಯಾದ ಒಬ್ಬ ಗುಮಾಸ್ತರ ಪ್ರಕರಣ

ಇದರಲ್ಲಿ ಬರುವ ವ್ಯಕ್ತಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮನೆ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ರಿಪೋರ್ಟಿನ ಅಂಕಿಗಳನ್ನು ಮುಟ್ಟಿಲ್ಲ. ಕೊಪ್ಪಳ ಜಿಲ್ಲೆಯ ಭತ್ತದ ಸೀಮೆಯವರು, ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ ಅನ್ನುವಷ್ಟು ತಿಳಿದರೆ ಸಾಕು. ಇಲ್ಲಿ ಅವರನ್ನು ಗುಮಾಸ್ತರು ಎಂದೇ ಕರೆಯುತ್ತೇನೆ.

ನಾನು ಜನರಲ್ ಫಿಜಿಷಿಯನ್, ಲಿವರ್ ತಜ್ಞನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಪ್ರಕರಣದಲ್ಲಿ ಎಡವಿದವರು ಇಬ್ಬರು, ಅದರಲ್ಲಿ ನಾನೂ ಒಬ್ಬ.

ಹಿನ್ನೆಲೆ

2023ರ ಫೆಬ್ರವರಿಯಲ್ಲಿ ಅವರು ಬಂದದ್ದು ಭುಜದ ನೋವಿಗೆ. ವಯಸ್ಸು 52, ತೂಕ 84 ಕಿಲೋ, ಎತ್ತರ 165 ಸೆಂಟಿಮೀಟರ್. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) 8.4. ಹೇಗೂ ರಕ್ತ ತೆಗೆಯುತ್ತಿದ್ದೇವಲ್ಲ ಎಂದು ಲಿವರ್ ಪರೀಕ್ಷೆಯನ್ನೂ ಬರೆದೆ. ಲಿವರ್ ಕೋಶಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳಲ್ಲಿ ಎಸ್‌ಜಿಒಟಿ 58, ಎಸ್‌ಜಿಪಿಟಿ 71. ಪ್ಲೇಟ್‌ಲೆಟ್ 1 ಲಕ್ಷ 62 ಸಾವಿರ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಎರಡನೇ ಗ್ರೇಡ್. ಹೆಪಟೈಟಿಸ್ ಬಿ, ಸಿ ಎರಡೂ ಇರಲಿಲ್ಲ.

ಇಂಥ ರಿಪೋರ್ಟ್ ವಾರಕ್ಕೆ ಹತ್ತು ನೋಡುತ್ತೇವೆ. "ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ" ಎಂದು ಹೇಳಿ ಕಳಿಸುವುದೇ ರೂಢಿ. ಆ ದಿನ ಕ್ಲಿನಿಕ್ ಖಾಲಿ ಇತ್ತು, ಹಾಗಾಗಿ ಫಿಬ್-4 ಲೆಕ್ಕ ಹಾಕೋಣ ಅಂದೆ. ಲಿವರ್‌ನಲ್ಲಿ ಗಾಯದ ಕಲೆ ಎಷ್ಟಿರಬಹುದು ಎಂದು ಅಂದಾಜಿಸುವ ಲೆಕ್ಕ ಅದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಅದನ್ನು ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು. ಗುಮಾಸ್ತರು ನನ್ನ ಕೈಯಿಂದ ಕ್ಯಾಲ್ಕುಲೇಟರ್ ಇಸ್ಕೊಂಡರು. "ಈ ಮೂಲದ ಬಟನ್ ಮೂವತ್ತು ವರ್ಷದಾಗ ಒಮ್ಮೆನೂ ಒತ್ತಿದ್ದಿಲ್ರಿ ಸರ್" ಎಂದು ನಗುತ್ತಾ ಒತ್ತಿದರು. 2.2 ಬಂತು. 1.3ಕ್ಕಿಂತ ಕೆಳಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ, 2.67 ದಾಟಿದರೆ ಕಲೆ ಜಾಸ್ತಿ ಇರುವ ಸಾಧ್ಯತೆ. ಇವರದು ನಡುವೆ. ನಡುವೆ ಇದ್ದವರಿಗೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್ ಬೇಕು. ಬಳ್ಳಾರಿಗೆ ಹೋಗಿ ಮಾಡಿಸಿಕೊಂಡು ಬಂದರು. 11.4 ಕಿಲೋಪಾಸ್ಕಲ್. ಲಿವರ್ ಸಾಕಷ್ಟು ಗಟ್ಟಿಯಾಗಿತ್ತು. ಸಿರೋಸಿಸ್, ಅಂದರೆ ಲಿವರ್ ತುಂಬ ಕಲೆ ಹರಡುವ ಕೊನೆಯ ಹಂತ, ಆಗಿರಲಿಲ್ಲ, ಆದರೆ ಅದಕ್ಕೆ ಒಂದು ಮೆಟ್ಟಿಲು ಹಿಂದೆ ನಿಂತಂತಿತ್ತು.

ಅವರಿಗೆ ಕಾಯಿಲೆಗಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಲಿವರ್ ಅಂದ ತಕ್ಷಣ ಊರಿನವರು ಕೇಳುವುದು ಒಂದೇ, ಎಷ್ಟು ಕುಡೀತಾರೆ ಅಂತ. ಇವರು ಹನಿ ಮುಟ್ಟಿದವರಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಐದು ತಿಂಗಳು

ಲಿವರ್‌ನಲ್ಲಿ ಕಲೆ ಹೇಗಾಗುತ್ತದೆ ಎಂದು ಮೊದಲ ದಿನವೇ ಹೇಳಿದೆ. ಅಲ್ಲಿ ಸ್ಟೆಲೇಟ್ ಸೆಲ್ ಎಂಬ ನಕ್ಷತ್ರದ ಆಕಾರದ ಕೋಶಗಳಿವೆ. ನೂರು ಕೋಶದಲ್ಲಿ ಐದರಿಂದ ಎಂಟು ಮಾತ್ರ. ಸುಮ್ಮನಿದ್ದಾಗ ಇವುಗಳ ಕೆಲಸ ಹಗೇವಿನ ಕೆಲಸ. ನಮ್ಮ ಹಿರಿಯರು ನೆಲದಡಿ ಜೋಳ ತುಂಬಿಡುತ್ತಿದ್ದಂತೆ ಇವು ಕೊಬ್ಬಿನ ಹನಿಗಳಲ್ಲಿ ವಿಟಮಿನ್ ಎ ತುಂಬಿಟ್ಟುಕೊಂಡಿರುತ್ತವೆ. ಮೈಯಲ್ಲಿರುವ ವಿಟಮಿನ್ ಎಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಇರುತ್ತದೆ. ಪಕ್ಕದ ಲಿವರ್ ಕೋಶಗಳು ಕೊಬ್ಬು ತುಂಬಿ ಸಾಯತೊಡಗಿದರೆ ಇವು ಎಚ್ಚೆತ್ತುಕೊಳ್ಳುತ್ತವೆ. ಹಗೇವು ಖಾಲಿಯಾಗುತ್ತದೆ. ಕಣಜ ಕಾಯುತ್ತಿದ್ದವನು ಗೋಡೆ ಕಟ್ಟುವ ಗೌಂಡಿಯಾಗುತ್ತಾನೆ. ಆ ಗೋಡೆಯೇ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್, ಅದೇ ಕಲೆ.

ಈ ಕೋಶಗಳ ಹೆಸರಿನ ಹಿಂದೆ ಒಂದು ಗೊಂದಲದ ಕಥೆಯಿದೆ. 1876ರಲ್ಲಿ ಜರ್ಮನಿಯ ಕುಪ್ಫರ್ ಚಿನ್ನದ ಲವಣ ಬಳಸಿ ಇವನ್ನು ಮೊದಲು ನೋಡಿದರು. ಆಮೇಲೆ ಕಸ ನುಂಗುವ ಬೇರೆ ಕೋಶಗಳೂ ಇವೂ ಒಂದೇ ಎಂದುಕೊಂಡರು. ಜಪಾನಿನ ಇಟೊ 1950ರ ದಶಕದಲ್ಲಿ ಇವುಗಳ ಕೊಬ್ಬಿನ ಹನಿ ತೋರಿಸಿದರು. ಕುಪ್ಫರ್ ನೋಡಿದ್ದೂ ಇಟೊ ನೋಡಿದ್ದೂ ಒಂದೇ ಎಂದು 1971ರಲ್ಲಿ ವಾಕೆ ಎಂಬವರು ಸ್ಪಷ್ಟಪಡಿಸಿದರು. ಅಷ್ಟರಲ್ಲಿ ಕುಪ್ಫರ್ ಹೆಸರು ಆ ಕಸ ನುಂಗುವ ಕೋಶಗಳಿಗೆ ಅಂಟಿಯಾಗಿತ್ತು.

ಚಿಕಿತ್ಸೆಯಲ್ಲಿ ಹೊಸದೇನಿರಲಿಲ್ಲ. ಸಕ್ಕರೆ ಮಾತ್ರೆ ಸರಿಪಡಿಸಿದೆ. ತೂಕದ ಗುರಿ ಹಾಕಿದೆ. 2015ರಲ್ಲಿ ಕ್ಯೂಬಾದ ವೈದ್ಯರು 293 ರೋಗಿಗಳನ್ನು ಒಂದು ವರ್ಷ ನೋಡಿಕೊಂಡು ಬರೆದ ಅಧ್ಯಯನ ನನಗೆ ಇಷ್ಟ. ನೂರಕ್ಕೆ ಹತ್ತು ಭಾಗ ತೂಕ ಇಳಿಸಿದವರಲ್ಲಿ 45 ಶೇಕಡಾ ಜನರ ಕಲೆಯೇ ಹಿಂದೆ ಸರಿದಿತ್ತು. ಗುಮಾಸ್ತರಿಗೆ ಅದು 8.4 ಕಿಲೋ.

ಊಟದ ಲೆಕ್ಕವನ್ನು ಅವರೇ ಬರೆದು ತಂದರು. ಬೆಳಿಗ್ಗೆ ಮಂಡಾಳು ಒಗ್ಗರಣಿ, ನಾಲ್ಕು ಮಿರ್ಚಿ. ಎರಡು ಹೊತ್ತು ಸೋನಾ ಮಸೂರಿ ಅನ್ನ. ಅಂಗಡಿಗೆ ಬಂದ ರೈತರ ಜೊತೆ ದಿನಕ್ಕೆ ಎಂಟು ಚಹಾ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಹದಿನಾರು ಚಮಚ ಎಂದು ಕೂಡಿಸಿ ಕೆಳಗೆ ಎರಡು ಗೆರೆ ಎಳೆದಿದ್ದರು. ಒಂದು ಹೊತ್ತು ಅನ್ನದ ಬದಲು ರೊಟ್ಟಿ ಬಂತು, ಚಹಾ ಮೂರಕ್ಕೆ ಇಳಿಯಿತು, ಸಕ್ಕರೆ ಹೋಯಿತು. ಜೂನ್ ಕೊನೆಗೆ 80 ಕಿಲೋ. ಎಸ್‌ಜಿಪಿಟಿ 52. ಎಲ್ಲವೂ ಸರಿಯಾಗಿ ಹೋಗುತ್ತಿತ್ತು.

ಎಲ್ಲಿ ಎಡವಿದೆವು

2024ರ ಜನವರಿಯಲ್ಲಿ ರಿಪೋರ್ಟ್ ಬಂದಾಗ ನಾನು ಎರಡು ಸಲ ಹೆಸರು ಓದಿದೆ. ಎಸ್‌ಜಿಪಿಟಿ 142, ಎಸ್‌ಜಿಒಟಿ 118. ಫೈಬ್ರೋಸ್ಕ್ಯಾನ್ 14.8. ತೂಕ ಮಾತ್ರ 79. ತೂಕ ಇಳಿದಿದೆ, ಸಕ್ಕರೆ ಹತೋಟಿಯಲ್ಲಿದೆ, ಲಿವರ್ ಮಾತ್ರ ಕೆಟ್ಟಿದೆ.

ಅಲ್ಲಿ ನಿಲ್ಲಬೇಕಿತ್ತು. ಈ ಮೂರೂ ಹೇಗೆ ಹೊಂದುತ್ತವೆ ಎಂದು ಕೇಳಿಕೊಳ್ಳಬೇಕಿತ್ತು. ನಾನು ಕೇಳಿದ್ದು ಬೇರೆ. "ಖರೇ ಹೇಳ್ರಿ, ಎಲ್ಲೋ ಒಂದು ಕಡೆ ಕುಡಿತಿದೀರಿ ಅಲ್ವಾ?"

ಅವರು ಉತ್ತರ ಕೊಡಲಿಲ್ಲ. ಫೈಲ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ನೀವೂ ಹಂಗ ಅಂದ್ರಿ ಸರ್" ಅಂದರು. ಎದ್ದು ಹೋದರು. ಎರಡು ತಿಂಗಳು ಬರಲಿಲ್ಲ.

ಅವತ್ತು ಅವರ ತುಟಿ ಒಡೆದು ಸಿಪ್ಪೆ ಎದ್ದಿತ್ತು. ನಾನು ನೋಡಿದ್ದೆ. ಚಳಿಗೆ ವ್ಯಾಸಲೀನ್ ಹಚ್ಚಿ ಅಂತಲೂ ಹೇಳಿದ್ದೆ.

ಮಾರ್ಚ್‌ನಲ್ಲಿ ಅವರ ಹೆಂಡತಿ ಒಬ್ಬರೇ ಬಂದರು. ತಲೆನೋವು ಅಂತಾರೆ, ಕೂದಲು ಉದುರುತ್ತಿದೆ, ಕಾಲಿನ ಎಲುಬು ನೋಯುತ್ತವೆ ಅಂತಾರೆ, ತುಟಿ ಇನ್ನೂ ಹಾಗೇ ಇದೆ ಎಂದರು. ಆಮೇಲೆ ಆಡಿದ ಮಾತನ್ನು ಹಾಗೇ ಬರೆಯುತ್ತೇನೆ. "ಚಳಿಗಾಲದಾಗ ಚಳಿಗೆ ಅಂದ್ರಿ. ಈಗ ಬ್ಯಾಸಗಿ ಬಂತು. ಈಗ ಬಿಸಲಿಗೆ ಅನ್ನಬೇಕೇನ್ರಿ?"

ಈ ಪ್ರಕರಣ ತಿರುಗಿದ್ದು ಆ ಒಂದು ಮಾತಿನಿಂದ. ಮನೆಯಲ್ಲಿ ಅವರು ನುಂಗುವುದೆಲ್ಲ, ಪುಡಿ ಕಷಾಯ ಸಮೇತ, ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಎಂದೆ. ಮರುದಿನ ತಂದರು. ಸಕ್ಕರೆ ಮಾತ್ರೆ. ಬಿ.ಪಿ. ಮಾತ್ರೆ. ಲಿವರ್ ಟಾನಿಕ್ ಎಂಬ ಸಿಹಿ ಬಾಟಲಿ. ಕೊನೆಗೆ ಒಂದು ಸಣ್ಣ ಸ್ಟೀಲ್ ಡಬ್ಬಿ. "ಇದನ್ನ ದೇವರ ಜಗಲಿ ಮ್ಯಾಲೆ ಇಟ್ಟಿದ್ರು ರೀ, ಊಟದ ನಂತರ ಕೈ ಮುಗಿದು ತಗೊಂತಾರ" ಅಂದರು. ಮುಚ್ಚಳಕ್ಕೆ ಕುಂಕುಮ ಹತ್ತಿತ್ತು. ಒಳಗೆ ಮೆತ್ತನೆಯ ಹಳದಿ ಕ್ಯಾಪ್ಸೂಲ್‌ಗಳು. ವಿಟಮಿನ್ ಎ, 50,000 ಯೂನಿಟ್. ದಿನಕ್ಕೊಂದು. ಜುಲೈಯಿಂದ.

ಅಳಿಯನ ತರ್ಕ

ತಂದುಕೊಟ್ಟವನು ಅವರ ಅಕ್ಕನ ಮಗ. ಬಿ.ಫಾರ್ಮ ಓದುತ್ತಿದ್ದ ಹುಡುಗ. ಫೋನ್ ಮಾಡಿ ಕರೆಸಿದೆ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದ. ಪಾಪ, ಬೈಯುವ ಹಾಗಿರಲಿಲ್ಲ. ಅವನು ಓದಿದ್ದು ಸುಳ್ಳಲ್ಲ, ಕೊನೆಯ ಹೆಜ್ಜೆ ಮಾತ್ರ ತಪ್ಪಿತ್ತು.

ಅವನ ಮಾತು ಹೀಗಿತ್ತು. ಸ್ಟೆಲೇಟ್ ಸೆಲ್ ಸುಮ್ಮನಿದ್ದಾಗ ವಿಟಮಿನ್ ಎ ತುಂಬಿರುತ್ತದೆ. ಎಚ್ಚೆತ್ತಾಗ ಖಾಲಿಯಾಗುತ್ತದೆ. ಇದು ಸರಿ. 2008ರಲ್ಲಿ ಜಪಾನಿನ ಸಪ್ಪೊರೊ ನಗರದ ವಿಜ್ಞಾನಿಗಳು ಲಿವರ್ ಗಟ್ಟಿಯಾದ ಇಲಿಗಳಿಗೆ ವಿಟಮಿನ್ ಎ ಹಚ್ಚಿದ ಕೊಬ್ಬಿನ ಗುಳ್ಳೆಗಳನ್ನು ಚುಚ್ಚಿದರು. ಕಲೆ ಕರಗಿತು, ಇಲಿಗಳು ಹೆಚ್ಚು ದಿನ ಬದುಕಿದವು. ಇದೂ ಸರಿ. ಹಾಗಾದರೆ ಖಾಲಿಯಾದ ಹಗೇವಿಗೆ ವಿಟಮಿನ್ ಎ ತುಂಬಿದರೆ ಗೌಂಡಿ ಮತ್ತೆ ಕಣಜ ಕಾಯಲು ಹೋಗುತ್ತಾನೆ.

"ಅಂಗನವಾಡಿಯಾಗ ಸಣ್ಣ ಹುಡುಗರಿಗೇ ಎರಡು ಲಕ್ಷ ಯೂನಿಟ್ ಹಾಕ್ತಾರ ಸರ್. ನಮ್ಮ ಮಾಮಾಗ ಐವತ್ತು ಸಾವಿರ ಏನು ಮಹಾ ಅಂತ ತಿಳ್ಕೊಂಡೆ" ಎಂದ.

ಅವನ ಎದುರಿಗೇ ಗುಮಾಸ್ತರು ಕೂತಿದ್ದರು. ಹೆಂಡತಿ ಎಳೆದುಕೊಂಡು ಬಂದಿದ್ದರು. ನಾನು ಮೊದಲು ಕ್ಷಮೆ ಕೇಳಿದೆ. ಅವರು ತಲೆ ಆಡಿಸಿದರು, ಮಾತಾಡಲಿಲ್ಲ.

ಆಮೇಲೆ ಲೆಕ್ಕಕ್ಕೆ ಕೂತೆವು. ಮಕ್ಕಳಿಗೆ ಒಂಬತ್ತು ತಿಂಗಳಿಗೆ ಒಂದು ಲಕ್ಷ, ಆಮೇಲೆ ಆರಾರು ತಿಂಗಳಿಗೊಮ್ಮೆ ಎರಡು ಲಕ್ಷ. ಐದು ವರ್ಷದೊಳಗೆ ಒಟ್ಟು ಒಂಬತ್ತು ಸಲ, 17 ಲಕ್ಷ ಯೂನಿಟ್. ಇವರು ಎಂಟು ತಿಂಗಳು, ಸುಮಾರು 240 ಕ್ಯಾಪ್ಸೂಲ್. ಗುಮಾಸ್ತರು ಕ್ಯಾಲ್ಕುಲೇಟರ್ ಬೇಕೆನ್ನಲಿಲ್ಲ. "ಒಂದು ಕೋಟಿ ಇಪ್ಪತ್ತು ಲಕ್ಷ" ಅಂದರು. ಅವತ್ತು ಅವರು ಆಡಿದ ಮೊದಲ ಮಾತು ಅದು.

ದೊಡ್ಡವರಿಗೆ ದಿನಕ್ಕೆ 10,000 ಯೂನಿಟ್ ಮೇಲ್ಮಿತಿ. ಬೇಕಾಗುವುದು ಅದರ ಮೂರನೇ ಒಂದು ಭಾಗ. ನೀರಲ್ಲಿ ಕರಗುವ ವಿಟಮಿನ್ ಆಗಿದ್ದರೆ ಮೂತ್ರದಲ್ಲಿ ಹೋಗುತ್ತಿತ್ತು. ಇದು ಕೊಬ್ಬಿನಲ್ಲಿ ಕರಗುವಂಥದ್ದು, ಲಿವರ್‌ನಲ್ಲೇ ಕೂರುತ್ತದೆ. ಕೂರುವ ಜಾಗ ಅದೇ ಸ್ಟೆಲೇಟ್ ಸೆಲ್. ಮಿತಿ ಮೀರಿ ತುಂಬಿದರೆ ಅವು ಊದಿಕೊಳ್ಳುತ್ತವೆ, ಸಂಖ್ಯೆಯೂ ಹೆಚ್ಚುತ್ತದೆ, ಕೊನೆಗೆ ತಾವೇ ಕೊಲಾಜನ್ ಕಟ್ಟಲು ಶುರುಮಾಡುತ್ತವೆ. ಕಲೆ ಅಳಿಸಲು ಕೊಟ್ಟದ್ದೇ ಕಲೆ ಬರೆಯುತ್ತದೆ. ಒಡೆದ ತುಟಿ, ಉದುರುವ ಕೂದಲು, ತಲೆನೋವು, ಎಲುಬಿನ ನೋವು ಎಲ್ಲ ಅದರ ಗುರುತುಗಳೇ.

ಇಷ್ಟಕ್ಕೂ ಸಪ್ಪೊರೊ ಪ್ರಯೋಗದಲ್ಲಿ ವಿಟಮಿನ್ ಎ ಔಷಧವೇ ಆಗಿರಲಿಲ್ಲ. ಅದು ವಿಳಾಸ. ಸ್ಟೆಲೇಟ್ ಸೆಲ್‌ಗಳು ವಿಟಮಿನ್ ಎ ಕಂಡರೆ ಒಳಗೆಳೆದುಕೊಳ್ಳುತ್ತವೆ. ಅದಕ್ಕೇ ಗುಳ್ಳೆಯ ಮೈಗೆ ಅದನ್ನು ಹಚ್ಚಿದ್ದರು. ಕೆಲಸ ಮಾಡಿದ್ದು ಗುಳ್ಳೆಯ ಒಳಗಿನ ಸರಕು, ಎಸ್‌ಐಆರ್‌ಎನ್‌ಎ ಎಂಬ ಪುಟ್ಟ ತುಣುಕು. ಕೊಲಾಜನ್ ಎಳೆಗಳನ್ನು ಸರಿಯಾಗಿ ಮಡಚುವ ಸಹಾಯಕ ಪ್ರೋಟೀನ್ ಒಂದಿದೆ. ಈ ತುಣುಕು ಆ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಅದಿಲ್ಲದಿದ್ದರೆ ಗೌಂಡಿಯ ಕೈಗೆ ಇಟ್ಟಿಗೆ ಸಿಗುವುದಿಲ್ಲ.

ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು. ಅಳಿಯನ ಕಡೆ ತಿರುಗಿದರು. "ಚೀಲದ ಮ್ಯಾಲಿನ ಮಾರ್ಕಾ ನೋಡಿ ಗೋದಾಮಿನವ್ರು ಚೀಲ ಇಳಿಸ್ಕೊಂತಾರ. ನೀನು ಅಕ್ಕಿ ಬಿಟ್ಟು ಬರೇ ಮಾರ್ಕಾ ಬರೆಯೋ ಬಣ್ಣನ ಲಾರಿಗಟ್ಟಲೆ ಕಳಿಸೀಯಲ್ಲೋ ತಮ್ಮಾ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಈಗ ಬೇರೆ ರೋಗಿಗಳಿಗೂ ಇದನ್ನೇ ಹೇಳುತ್ತೇನೆ.

ಏನು ತೀರ್ಮಾನಿಸಿದೆವು

ಕ್ಯಾಪ್ಸೂಲ್ ಅವತ್ತೇ ನಿಂತಿತು. ಟಾನಿಕ್ ಕೂಡ. ಮುಂದಿನ ಪ್ರಶ್ನೆ ಬಯಾಪ್ಸಿ. ಬೆಂಗಳೂರಿನ ಲಿವರ್ ತಜ್ಞರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿದೆ. ಲಿವರ್‌ನಿಂದ ಚೂರು ತೆಗೆದರೆ ಊದಿದ ಸ್ಟೆಲೇಟ್ ಸೆಲ್ ಕಾಣುತ್ತದೆ, ರೋಗ ಖಾತ್ರಿಯಾಗುತ್ತದೆ. ಆದರೆ ಖಾತ್ರಿಯಾದರೂ ಮಾಡುವುದು ಅದನ್ನೇ, ನಿಲ್ಲಿಸಿ ಕಾಯುವುದು. ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೂರೂ ಸರಿ ಇದ್ದವು. ಆರು ವಾರ ನೋಡೋಣ, ಇಳಿಯದಿದ್ದರೆ ಬಯಾಪ್ಸಿ ಎಂದು ಒಪ್ಪಿಕೊಂಡೆವು. ರಕ್ತದ ವಿಟಮಿನ್ ಎ ಪರೀಕ್ಷೆಯನ್ನೂ ಬಿಟ್ಟೆವು. ಲಿವರ್ ತುಂಬಿ ತುಳುಕುತ್ತಿದ್ದರೂ ರಕ್ತದಲ್ಲಿ ಅದು ಸರಿ ಎಂದೇ ತೋರಿಸಬಹುದು.

14.8 ನೋಡಿ ಹೆದರಬಾರದು ಎಂದೂ ತಜ್ಞರು ಎಚ್ಚರಿಸಿದರು. ಎಸ್‌ಜಿಪಿಟಿ ಏರಿ ಲಿವರ್ ಊದಿದ್ದಾಗ ಫೈಬ್ರೋಸ್ಕ್ಯಾನ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದೆಲ್ಲವೂ ಕಲೆಯಲ್ಲ.

ಅದೇ ತಿಂಗಳು ಅಳಿಯ ಇನ್ನೊಂದು ಸುದ್ದಿ ಹಿಡಿದು ಬಂದ. ಈ ಸಲ ಕ್ಯಾಪ್ಸೂಲ್ ತರಲಿಲ್ಲ, ಪ್ರಶ್ನೆ ತಂದ. ಕುಡಿತದಿಂದಲ್ಲದ ಫ್ಯಾಟಿ ಲಿವರ್‌ನ ಕಲೆಗೆ ಅಮೆರಿಕದಲ್ಲಿ ರೆಸ್ಮೆಟಿರಾಮ್ ಎಂಬ ಮಾತ್ರೆಗೆ 2024ರ ಮಾರ್ಚ್ 14ರಂದು ಒಪ್ಪಿಗೆ ಸಿಕ್ಕಿತ್ತು, ಆ ಕಾಯಿಲೆಗೆ ಅಲ್ಲಿ ಮೊದಲನೆಯದು. "ಇದು ಸ್ಟೆಲೇಟ್ ಸೆಲ್ ಹಿಡೀತೈತೇನ್ರಿ ಸರ್?"

ಇಲ್ಲ. ಇದೇ ನನಗೆ ಕುತೂಹಲದ ವಿಷಯ. ಕಲೆ ಕಟ್ಟುವುದು ಸ್ಟೆಲೇಟ್ ಸೆಲ್. ಆ ಕೆಲಸಕ್ಕೇ ನೇರವಾಗಿ ಕೈ ಹಾಕಲು ಹೋದ ಔಷಧಗಳು ಬಹಳ ಸಲ ಸೋತಿವೆ. ಸಿಮ್ಟುಜುಮ್ಯಾಬ್ ಎಂಬುದು ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವವನ್ನು ತಡೆಯುತ್ತಿತ್ತು. ರೋಗಿಗಳಲ್ಲಿ ಪ್ರಯೋಜನ ಕಾಣಲಿಲ್ಲ. ವಿಟಮಿನ್ ಎ ವಿಳಾಸದ ಆ ಗುಳ್ಳೆಯೂ ಮನುಷ್ಯರ ಪರೀಕ್ಷೆಯವರೆಗೆ ಬಂತು, ಔಷಧಿ ಅಂಗಡಿಯವರೆಗೆ ಬಂದಿಲ್ಲ. ರೆಸ್ಮೆಟಿರಾಮ್ ಹೋಗುವುದು ಮುಖ್ಯ ಲಿವರ್ ಕೋಶಕ್ಕೆ, ಅಂದರೆ ಹೆಪಟೋಸೈಟ್‌ಗೆ. ಅಲ್ಲಿನ ಥೈರಾಯ್ಡ್ ಗ್ರಾಹಕ ಒಂದನ್ನು ಚುರುಕು ಮಾಡಿ ಕೊಬ್ಬು ಕರಗಿಸುತ್ತದೆ. ಕೊಬ್ಬು ಕಡಿಮೆಯಾದರೆ ಕೋಶ ಸಾಯುವುದು ಕಡಿಮೆ. ಕೂಗುವವರು ಕಡಿಮೆಯಾದರೆ ಗೌಂಡಿ ತಾನಾಗಿ ಕೆಲಸ ನಿಲ್ಲಿಸುತ್ತಾನೆ. ಹಾಗೆ ನೋಡಿದರೂ ಪರೀಕ್ಷೆಯಲ್ಲಿ 100 ಮಿಲಿಗ್ರಾಂ ತಗೊಂಡವರಲ್ಲಿ ಶೇಕಡಾ 26 ಜನರ ಕಲೆ ಒಂದು ಹಂತ ಇಳಿಯಿತು. ಸುಮ್ನೆ ಖಾಲಿ ಮಾತ್ರೆ ತಗೊಂಡವರಲ್ಲೂ 14.

ಸ್ಟೆಲೇಟ್ ಸೆಲ್ ಎಲ್ಲವನ್ನೂ ಕೊಂದುಬಿಟ್ಟರೆ ಆಗಲ್ವಾ ಎಂದೂ ಕೇಳಿದ. ಗಾಯವಾದಾಗ ತೇಪೆ ಹಾಕುವುದೂ ಇವೇ, ವಿಟಮಿನ್ ಎ ಕಾಯುವುದೂ ಇವೇ. ಎಚ್ಚೆತ್ತಿರುವುದನ್ನು ಮಾತ್ರ ಹಿಡಿಯಬೇಕು, ಮಲಗಿರುವುದನ್ನು ಬಿಡಬೇಕು. ಕಷ್ಟ ಇರುವುದೇ ಅಲ್ಲಿ. ಕಾರಣ ನಿಂತರೆ ಇವುಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಮತ್ತೆ ನಿದ್ದೆಗೆ ಜಾರುತ್ತವೆ ಎಂದು 2012ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಒಂದು ವ್ಯತ್ಯಾಸ ಇದೆ. ಹಾಗೆ ಮಲಗಿದವು ಮತ್ತೆ ಗಾಯವಾದರೆ ಮೊದಲಿಗಿಂತ ಬೇಗ ಏಳುತ್ತವೆ.

ಆಮೇಲೆ

ಏಪ್ರಿಲ್ ಕೊನೆಗೆ ಎಸ್‌ಜಿಪಿಟಿ 96. ಬಯಾಪ್ಸಿ ಮಾತು ಅಲ್ಲಿಗೆ ಬಿಟ್ಟೆವು. ತುಟಿ ಸರಿಹೋಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಕೂದಲು ಬರಲಿಲ್ಲ, ಅದು ವಯಸ್ಸಿನದೂ ಇರಬೇಕು. ಸೊಪ್ಪು, ಗಜ್ಜರಿ ಬಿಡಬೇಕಾ ಎಂದು ಹೆಂಡತಿ ಕೇಳಿದರು. ಬೇಡ ಎಂದೆ. ತರಕಾರಿಯಲ್ಲಿರುವುದು ವಿಟಮಿನ್ ಎ ಅಲ್ಲ, ಅದರ ಕಚ್ಚಾ ಮಾಲು. ಮೈ ತನಗೆ ಬೇಕಾದಷ್ಟನ್ನೇ ಮಾಡಿಕೊಳ್ಳುತ್ತದೆ. ನುಗ್ಗೆಸೊಪ್ಪು ತಿಂದು ಯಾರ ಲಿವರೂ ಹಾಳಾಗುವುದಿಲ್ಲ.

ಆಗಸ್ಟ್ ಭೇಟಿ ಚೆನ್ನಾಗಿ ನೆನಪಿದೆ. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿತ್ತು. ಊರಿಗೆ ಊರೇ ಎರಡನೇ ಬೆಳೆಗೆ ನೀರು ಉಳಿಯುತ್ತದಾ ಎಂಬ ಚಿಂತೆಯಲ್ಲಿತ್ತು. ಗುಮಾಸ್ತರು ಲಿವರ್ ಬಿಟ್ಟು ಗೇಟಿನ ಬಗ್ಗೆಯೇ ಹದಿನೈದು ನಿಮಿಷ ಮಾತಾಡಿದರು. ಎಸ್‌ಜಿಪಿಟಿ 54, ತೂಕ 77. ಅದನ್ನು ಹೇಳಿದಾಗ "ಹಾಂ, ಆತು ಬಿಡ್ರಿ" ಎಂದು ಮತ್ತೆ ಗೇಟಿಗೇ ಬಂದರು. ನನಗೆ ಖುಷಿಯಾಯಿತು. ರೋಗಿ ತನ್ನ ರೋಗವನ್ನು ಮರೆತು ಮಾತಾಡಲು ಶುರುಮಾಡುವುದು ಒಳ್ಳೆಯ ಲಕ್ಷಣ.

ನನ್ನ ಕ್ಲಿನಿಕ್‌ನಲ್ಲಿ ಎರಡು ಬದಲಾವಣೆ ಆದವು. ಲಿವರ್ ರಿಪೋರ್ಟ್ ಏರಿದ್ದರೆ, ಕುಡಿತದ ಮಾತಿಗೆ ಮೊದಲು ಚೀಲ ತರಿಸುತ್ತೇನೆ. "ಬೇರೆ ಔಷಧಿ ತಗೊಳ್ತೀರಾ" ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ವಿಟಮಿನ್ ಅವರ ಪಾಲಿಗೆ ಔಷಧಿಯಲ್ಲ. ಅಮೃತಬಳ್ಳಿ ಕಷಾಯವೂ ಅಲ್ಲ, ಕಾಮಣಿಗೆ ಕೊಡುವ ನಾಟಿ ಔಷಧಿಯೂ ಅಲ್ಲ. ಎರಡನೆಯದು, ರೋಗಿಯ ಮನೆಯಲ್ಲಿ ಓದಿದ ಹುಡುಗರಿದ್ದರೆ ಮೊದಲ ಭೇಟಿಗೇ ಕರೆಸುತ್ತೇನೆ. ಅವರು ಓದಿಯೇ ಓದುತ್ತಾರೆ. ನನ್ನ ಮುಂದೆ ಓದಲಿ.

2025ರ ಮಾರ್ಚ್‌ನಲ್ಲಿ ಮತ್ತೆ ಬಳ್ಳಾರಿಗೆ ಹೋಗಿ ಫೈಬ್ರೋಸ್ಕ್ಯಾನ್ ಮಾಡಿಸಿದರು. 9.6. ಎಸ್‌ಜಿಪಿಟಿ 38, ತೂಕ 76. ಮೊದಲ ದಿನದ 11.4ರ ಜೊತೆ ಹೋಲಿಸಿದರೆ ಇಳಿದದ್ದು ಅಷ್ಟೇ. ಕಲೆ ಪೂರ್ತಿ ಹೋಗಿಲ್ಲ. ಆರು ತಿಂಗಳಿಗೊಮ್ಮೆ ಬರಬೇಕು ಎಂದಿದ್ದೇನೆ.

ಅವತ್ತು ಕೇಳುವ ಮೊದಲೇ ಕೈಚೀಲ ತೆಗೆದು ಮೇಜಿನ ಮೇಲೆ ಸುರಿದರು. ಎರಡು ಸ್ಟ್ರಿಪ್ ಮಾತ್ರೆ, ಕನ್ನಡಕದ ಡಬ್ಬಿ, ಅಂಗಡಿಯ ಬೀಗದ ಕೈ. ಜೊತೆಗೆ ಪೇಪರ್‌ನಲ್ಲಿ ಸುತ್ತಿದ ಒಂದು ಮಿರ್ಚಿ, ಇನ್ನೂ ಬಿಸಿ ಇತ್ತು.

"ಇದು ನಿಮಗ್ರಿ ಸರ್" ಅಂದರು. "ನಂದು ಬಸ್‌ಸ್ಟ್ಯಾಂಡ್‌ನ್ಯಾಗ ಆತು."